ಕಪ್ಪೆಯ ಬ್ರೇಕಿಗೆ ಕರೆಂಟು ಯಾರು ಕೊಡಬೇಕು?

ಮೊದಲೇ ಹೇಳಿಬಿಡುತ್ತೇನೆ. ಕಪ್ಪೆ ಅಂದರೆ ನಮ್ಮ ಮೋಟರ್‌ಹೋಮ್ (ಒಳಗೇ ಮನೆಯಿರುವ ಬಸ್ಸು) ಹಿಂದೆ ಎಳೆದುಕೊಂಡು ಹೋಗುವ ಟ್ರಕ್ಕು. ಅದರ ಬ್ರೇಕ್ ತಾನಾಗಿ ತುಳಿಯುವ ಪೆಟ್ಟಿಗೆ ಚೆನ್ನಾಗಿದೆ, 5ಕ್ಕೆ 4 ಕೊಡುತ್ತೇನೆ. ಅದಕ್ಕೆ ಕರೆಂಟು ಕೊಡುವ ಬಗ್ಗೆ ಆ ಕಂಪನಿ ಬರೆದಿರುವ ಸೂಚನೆಗೆ 1 ಕೊಟ್ಟರೂ ಜಾಸ್ತಿಯೇ. ಕಂಪನಿ ಹೆಸರು ಬೇಡ. ಈ ತೊಂದರೆ ಆ ಒಂದು ಪೆಟ್ಟಿಗೆಯದ್ದು ಮಾತ್ರ ಅಲ್ಲ.

ನಾವಿಬ್ಬರೂ ರಿಟೈರ್ ಆದವರು. ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮೂರು ವರ್ಷದ ಹಿಂದೆ 2017ರ ಮಾಡೆಲ್‌ನ ಒಂದು ಮೋಟರ್‌ಹೋಮ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆವು. 34 ಅಡಿ ಉದ್ದ, ಫೋರ್ಡ್ ಎಫ್-53 ಚಾಸಿ, ಪೆಟ್ರೋಲ್ ಕುಡಿಯುವ ವಿ10 ಎಂಜಿನ್. ನೋಡಿದವರು ಬಸ್ಸು ಅಂತಾರೆ, ನಾವೂ ಬಸ್ಸು ಅಂತಲೇ ಕರೆಯುತ್ತೇವೆ. ನಮ್ಮನೆಯವರು ಓಡಿಸುತ್ತಾರೆ. ವೈರು, ಫ್ಯೂಸು, ಬ್ಯಾಟರಿ ಎಲ್ಲ ನನ್ನದು. ಮದುವೆಗೆ ಮುಂಚೆ ನಾಲ್ಕು ವರ್ಷ ಬೆಂಗಳೂರಿನ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಮಲ್ಟಿಮೀಟರ್ ಕೈಯಲ್ಲಿದ್ದರೆ ನನಗೆ ಈಗಲೂ ಒಂದು ಧೈರ್ಯ.

ಬಸ್ಸನ್ನು ಕ್ಯಾಂಪಿನಲ್ಲಿ ನಿಲ್ಲಿಸಿದ ಮೇಲೆ ಹಾಲು ತರಲು ಅದನ್ನೇ ತೆಗೆದುಕೊಂಡು ಹೋಗೋಕಾಗಲ್ಲ. ಅದಕ್ಕೇ ಹಿಂದೆ ಒಂದು ಜೀಪ್ ಗ್ಲಾಡಿಯೇಟರ್ ಪಿಕಪ್ ಟ್ರಕ್ ಕಟ್ಟಿಕೊಂಡು ಹೋಗುತ್ತೇವೆ. ಟ್ರೇಲರ್ ಮೇಲೆ ಹತ್ತಿಸಿ ಅಲ್ಲ, ನಾಲ್ಕೂ ಚಕ್ರ ನೆಲದ ಮೇಲೇ ಉರುಳುತ್ತ ಬರುತ್ತದೆ. ಟ್ರಾನ್ಸ್‌ಫರ್ ಕೇಸನ್ನು (ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಡಬ್ಬಿ) ನ್ಯೂಟ್ರಲ್‌ಗೆ ಎಳೆದು, ಗೇರ್ ಪಾರ್ಕ್‌ನಲ್ಲಿಟ್ಟು, ಎಂಜಿನ್ ಆಫ್ ಮಾಡಿ, ಎರಡು ಗಾಡಿಯನ್ನೂ ಜೋಡಿಸುವ ಟೋ ಬಾರ್ ಸಿಕ್ಕಿಸಿದರೆ ಆಯಿತು. ಹೀಗೆ ಎಳೆಸಿಕೊಂಡು ಬರುವ ಗಾಡಿಗೆ ಇಲ್ಲಿಯವರು ‘ಟೋಡ್’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಎಳೆದದ್ದಕ್ಕೂ ಕಪ್ಪೆಗೂ ಉಚ್ಚಾರ ಒಂದೇ. ನಮ್ಮ ಟ್ರಕ್ಕು ಹಸಿರು ಬೇರೆ. ಹಾಗಾಗಿ ಮನೆಯಲ್ಲಿ ಅದರ ಹೆಸರು ಕಪ್ಪೆ.

ಕಪ್ಪೆ ಅಂದರೂ ತೂಕ ಕಪ್ಪೆಯದ್ದಲ್ಲ. ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ತೂಗಿಸಿದೆವು. ಹಿಂದಿನ ಡಬ್ಬಿಯಲ್ಲಿದ್ದ ಕುರ್ಚಿ, ಒಲೆ, ಸೈಕಲ್ ಎಲ್ಲ ಸೇರಿ 4,760 ಪೌಂಡ್. ಬಸ್ಸಿನ ಹಿಂದಿನ ಕೊಂಡಿ, ಅಂದರೆ ಹಿಚ್ ಮೇಲೆ 5,000 ಅಂತ ಬರೆದಿದೆ. ಆ ಬರಹ ನೋಡಿ ಖುಷಿಪಟ್ಟು ಸುಮ್ಮನಾಗಬೇಡಿ. ನಮ್ಮ ಬಸ್ಸಿನ ಮಿತಿ 22,000 ಪೌಂಡ್, ಹಿಂದಿನದೂ ಸೇರಿ ಒಟ್ಟು ಮಿತಿ 26,000. ಕಳೆದು ನೋಡಿ. ಕಪ್ಪೆ ಹಿಂದಿದ್ದಾಗ ಬಸ್ಸು 21,240 ದಾಟುವ ಹಾಗಿಲ್ಲ. ನೀರಿನ ಟ್ಯಾಂಕು ತುಂಬಿಸಿ, ಅಕ್ಕಿ ಮೂಟೆ, ಗ್ರೈಂಡರ್ ಎಲ್ಲ ಹೇರಿಕೊಂಡರೆ ಅಲ್ಲಿಗೆ ಮುಗಿಯಿತು. ನಾನು ಗ್ರೈಂಡರ್ ಬಿಟ್ಟು ಮಿಕ್ಸಿಗೆ ಒಪ್ಪಿಕೊಂಡದ್ದು ಈ ಲೆಕ್ಕದಿಂದಲೇ.

ಬ್ರೇಕಿನ ವಿಷಯ ಇನ್ನೂ ಬಿಗಿ. ಒಟ್ಟು 26,000 ಎಳೆಯುವ ಶಕ್ತಿ ಎಂಜಿನ್ನಿಗೆ ಇರಬಹುದು, ಆದರೆ ಬಸ್ಸಿನ ಬ್ರೇಕುಗಳ ಲೆಕ್ಕ ಬಸ್ಸಿನ ತೂಕಕ್ಕೆ ಮಾತ್ರ. ಹಿಂದಿನದಕ್ಕೆ ಬೇರೆ ಬ್ರೇಕ್ ಬೇಕು ಅಂತ ಫೋರ್ಡ್‌ನವರ ಟೋಯಿಂಗ್ ಕೈಪಿಡಿಯಲ್ಲೇ ಇದೆ. ಕಾನೂನು ರಾಜ್ಯಕ್ಕೊಂದು ಥರ, ಅದರ ಚರ್ಚೆ ಈಗ ಬೇಡ. ನಮ್ಮೂರು ಸಕಲೇಶಪುರ. ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ನಿಲ್ಲುವ ಲಾರಿಗಳ ಸುಟ್ಟ ಲೈನರ್ ವಾಸನೆ ಮೂಗಿಗೆ ಹತ್ತಿಸಿಕೊಂಡೇ ಬೆಳೆದವಳು ನಾನು. ನನಗೆ ಯಾವ ರಾಜ್ಯದ ಕಾನೂನೂ ಹೇಳಬೇಕಾಗಿಲ್ಲ.

ಹಿಂದಿನ ಗಾಡಿಯ ಬ್ರೇಕ್ ತುಳಿಸಲು ಹಲವು ದಾರಿಗಳಿವೆ. ಏರ್ ಬ್ರೇಕ್ ಇರುವ ಡೀಸೆಲ್ ಬಸ್ಸಾದರೆ ಡೆಮ್ಕೊದವರ ಏರ್ ಫೋರ್ಸ್ ಒನ್ ಥರದ್ದು ಹಾಕಿಸಿ ಬಸ್ಸಿನ ಗಾಳಿಯನ್ನೇ ಹಿಂದಕ್ಕೆ ಕೊಡಬಹುದು. ಪೆಟ್ರೋಲ್ ಬಸ್ಸಿನಲ್ಲಿ ಆ ಗಾಳಿ ಇಲ್ಲ. ರೋಡ್‌ಮಾಸ್ಟರ್‌ನವರ ಇನ್‌ವಿಸಿಬ್ರೇಕ್, ಡೆಮ್ಕೊದವರ ಸ್ಟೇ-ಇನ್-ಪ್ಲೇ ಡುಯೊ ಇವೆಲ್ಲ ಟ್ರಕ್ಕಿನೊಳಗೆ ಕಾಯಂ ಆಗಿ ಕೂರುವಂಥವು. ರೆಡಿ ಬ್ರೇಕ್ ಅಂತ ಒಂದಿದೆ. ಹಿಂದಿನ ಗಾಡಿ ಮುಂದಕ್ಕೆ ನೂಕುವ ಒತ್ತಡದಲ್ಲೇ ಕೇಬಲ್ ಎಳೆದು ಪೆಡಲ್ ಒತ್ತುತ್ತದೆ. ಬ್ರೇಕ್ ಹಾಕೋಕೆ ಕರೆಂಟೇ ಬೇಡ. ವೈರು ಕಂಡರೆ ಆಗದವರು ಅದನ್ನೇ ನೋಡಿ. ಇನ್ನೊಂದು ಜಾತಿ ‘ಬ್ರೇಕ್ ಬಡ್ಡಿ’ ಅನ್ನುವ ಹೆಸರಿನದ್ದರ ಥರದ ಪೆಟ್ಟಿಗೆ. ಬೇಕಾದಾಗ ಇಡುವುದು, ಬೇಡವಾದಾಗ ಎತ್ತಿ ಡಿಕ್ಕಿಗೆ ಹಾಕುವುದು. ನಾಳೆ ಟ್ರಕ್ ಬದಲಾಯಿಸಿದರೂ ಪೆಟ್ಟಿಗೆ ನಮ್ಮ ಜೊತೆಗೇ ಇರುತ್ತದಲ್ಲ ಅಂತ ಈ ಜಾತಿಯದನ್ನೇ ಆರಿಸಿಕೊಂಡೆವು. 1,250 ಡಾಲರ್ ಚಿಲ್ಲರೆ ಆಯಿತು.

ಪೆಟ್ಟಿಗೆ ನೋಡಲು ನಮ್ಮ ಹಳೇ ಟ್ರಾನ್ಸಿಸ್ಟರ್ ರೇಡಿಯೋದ ದೊಡ್ಡಣ್ಣನ ಹಾಗಿದೆ. ಒಳಗೆ ಪುಟ್ಟ ಕಂಪ್ರೆಸರ್, ಗಾಳಿ ತುಂಬುವ ಟ್ಯಾಂಕು, ಒಂದು ಪಿಸ್ಟನ್. ಬಸ್ಸು ನಿಧಾನವಾದದ್ದನ್ನು ಒಳಗಿನ ಸೆನ್ಸರ್ ಗ್ರಹಿಸುತ್ತದೆ. ಪಿಸ್ಟನ್ ಮುಂದೆ ಬಂದು ಪೆಡಲ್ ಒತ್ತುತ್ತದೆ. ಬಸ್ಸು ಮೆಲ್ಲಗೆ ನಿಂತರೆ ಮೆಲ್ಲಗೆ, ಗಕ್ಕನೆ ನಿಂತರೆ ಗಟ್ಟಿಯಾಗಿ.

ಟ್ರಕ್ಕಿನ ಬ್ರೇಕ್ ಪೆಡಲ್ ಮುಂದೆ ಇಡುವುದಕ್ಕೆ ಐದು ನಿಮಿಷ. ಎಂಜಿನ್ ಆಫ್ ಆದ ಮೇಲೆ ಪೆಡಲನ್ನು ನಾಲ್ಕೈದು ಸಲ ತುಳಿಯಬೇಕು. ಪೆಡಲ್ ಹಗುರ ಮಾಡುವ ಬೂಸ್ಟರ್‌ನಲ್ಲಿ ಉಳಿದಿರುವ ವ್ಯಾಕ್ಯೂಮ್ ಹೋಗಿ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ. ಆಮೇಲೆ ಪೆಟ್ಟಿಗೆಯ ಕೊಕ್ಕೆಯನ್ನು ಪೆಡಲ್‌ಗೆ ಕಚ್ಚಿಸಿ, ಸೀಟನ್ನು ಮುಂದಕ್ಕೆ ತಂದು ಪೆಟ್ಟಿಗೆಯ ಬೆನ್ನಿಗೆ ಒರಗಿಸಬೇಕು. ಇಲ್ಲಿ ಒಂದು ಬೆರಳಿನಷ್ಟೂ ಸಂದು ಬಿಡಬೇಡಿ. ಮೊದಲ ಸಲ ನಾನು ಬಿಟ್ಟಿದ್ದೆ. ಪಿಸ್ಟನ್ ಪೆಡಲ್ ಒತ್ತುವ ಬದಲು ಪೆಟ್ಟಿಗೆಯೇ ಹಿಂದಕ್ಕೆ ಜಾರಿತು. ನೆಲದ ಮ್ಯಾಟ್ ತೆಗೆದ ಮೇಲೆ ಸರಿಹೋಯಿತು. ಮ್ಯಾಟ್ ತೆಗೆಯಿರಿ ಅಂತ ಪುಸ್ತಕದಲ್ಲಿಲ್ಲ.

ಕೊನೆಯದು ಬ್ರೇಕ್‌ಅವೇ ಪಿನ್ನು. ಟ್ರಕ್ಕಿನ ಮೂತಿಯಲ್ಲಿ ಒಂದು ಸ್ವಿಚ್ಚು, ಅದರ ಪಿನ್ನಿಗೆ ಕಟ್ಟಿದ ತೆಳು ಕೇಬಲ್ಲಿನ ಇನ್ನೊಂದು ತುದಿ ಬಸ್ಸಿಗೆ. ಅಕಸ್ಮಾತ್ ಟೋ ಬಾರೂ ಹೋಗಿ ಸೇಫ್ಟಿ ಕೇಬಲ್ಲೂ ಹೋದರೆ ಪಿನ್ನು ಕಿತ್ತುಕೊಂಡು ಬಂದು ಪೆಟ್ಟಿಗೆ ಪೂರ್ತಿ ಬಲದಿಂದ ಬ್ರೇಕ್ ತುಳಿದು ಹಿಡಿಯುತ್ತದೆ. ಪ್ರತಿ ಸಲ ಹೊರಡುವ ಮುಂಚೆ ನಾನು ಪಿನ್ನು ಕಿತ್ತು ನೋಡುತ್ತೇನೆ. ‘ಕುರ್ರ್’ ಅಂತ ಸದ್ದು ಬಂದು ಪೆಡಲ್ ಒತ್ತಿಕೊಂಡು ನಿಲ್ಲುತ್ತದೆ. ಕರೆಂಟು ಸರಿಯಾಗಿ ಸಿಕ್ಕಾಗ ಈ ಕೆಲಸದಲ್ಲಿ ಪೆಟ್ಟಿಗೆ ಒಂದು ಸಲವೂ ಕೈಕೊಟ್ಟಿಲ್ಲ.

ಈಗ ಕರೆಂಟಿನ ವಿಷಯ. ಪುಸ್ತಕದಲ್ಲಿ ಇದರ ಬಗ್ಗೆ ಇರುವುದು ಒಂದೇ ಸಾಲು. ಪ್ಲಗ್ಗನ್ನು ವಾಹನದ 12 ವೋಲ್ಟ್ ಸಾಕೆಟ್ಟಿಗೆ ಹಾಕಿ. ಅಷ್ಟೇ.

ನಮ್ಮ ಟ್ರಕ್ಕಿನಲ್ಲಿ ಎಂಜಿನ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಮುಂದಿನ ಸಾಕೆಟ್ ಸತ್ತುಹೋಗುತ್ತದೆ. ಟೋ ಬಾರಿನ ಬೇಸ್ ಪ್ಲೇಟ್ ಹಾಕಿದ ಅಂಗಡಿಯವರಿಗೆ ಇದನ್ನು ಹೇಳಿದೆ. ಬ್ಯಾಟರಿಯಿಂದ ನೇರವಾಗಿ ವೈರು ಎಳೆದು ಇನ್ನೊಂದು ಸಾಕೆಟ್ ಕೂರಿಸಿಕೊಟ್ಟರು. ‘ಇನ್ನು ಯಾವಾಗಲೂ ಕರೆಂಟು ಇರುತ್ತೆ’ ಅಂದರು. ಬ್ಯಾಟರಿಯಲ್ಲಿ ಇದ್ದರೆ ಇರುತ್ತೆ, ಆದರೆ ಆ ಬ್ಯಾಟರಿಗೆ ಯಾರು ತುಂಬುತ್ತಾರೆ ಅಂತ ನಾನು ಕೇಳಲಿಲ್ಲ. ನಾಲ್ಕು ವರ್ಷ ಟೆಸ್ಟಿಂಗ್ ಮಾಡಿದವಳು ಕೇಳಬೇಕಿತ್ತು. ಟ್ರಕ್ಕಿನ ಎಂಜಿನ್ ಆಫ್. ಬ್ಯಾಟರಿ ತುಂಬುವ ಆಲ್ಟರ್ನೇಟರ್ ತಿರುಗುತ್ತಿಲ್ಲ. ಪೆಟ್ಟಿಗೆ ಮಾತ್ರ ಉಣ್ಣುತ್ತಲೇ ಇದೆ.

ಚಿಕ್ಕ ಪ್ರವಾಸಗಳಲ್ಲಿ ಏನೂ ಗೊತ್ತಾಗಲಿಲ್ಲ. ಮಾಂಟೆರೆಗೆ ಹೋಗಿ ಬಂದೆವು, ಮೊರೊ ಬೇಗೆ ಹೋಗಿ ಬಂದೆವು. ಎರಡರಿಂದ ನಾಲ್ಕು ಗಂಟೆಯ ದಾರಿ, ಇಳಿದ ಮೇಲೆ ಟ್ರಕ್ ಓಡಿಸುತ್ತಿದ್ದೆವು, ಬ್ಯಾಟರಿ ತಾನೇ ತುಂಬಿಕೊಳ್ಳುತ್ತಿತ್ತು.

ಜನವರಿಯಲ್ಲಿ ಅರಿಜೋನಾದ ಕ್ವಾರ್ಟ್‌ಸೈಟ್‌ಗೆ ಹೋಗಿದ್ದೆವು. ಚಳಿಗಾಲದಲ್ಲಿ ಆ ಮರುಭೂಮಿಯ ಊರಿಗೆ ಮೋಟರ್‌ಹೋಮ್‌ನವರು ಜಾತ್ರೆಗೆ ಬಂದ ಹಾಗೆ ಬರುತ್ತಾರೆ. ನಮ್ಮ ಜಾತ್ರೆಗಳ ಹಾಗೇ ಧೂಳು, ಸಾಲು ಅಂಗಡಿ, ಬೇಡದ್ದನ್ನೆಲ್ಲ ಕೊಳ್ಳುವುದು. ವಾಪಸ್ ಬರುವ ದಿನ ಬೆಳಿಗ್ಗೆ ಏಳಕ್ಕೆ ಹೊರಟು ಐ-10 ಹೈವೇ ಹಿಡಿದು ಲಾಸ್ ಏಂಜಲೀಸ್ ಕಡೆ ಬಂದೆವು. ಅಲ್ಲಿಯ ಟ್ರಾಫಿಕ್ಕು ನಿಮಗೆ ಗೊತ್ತೇ ಇದೆ. ನಿಲ್ಲು, ಹತ್ತಡಿ ಹೋಗು, ನಿಲ್ಲು. ಪ್ರತಿ ಸಲ ಹಿಂದೆ ಪೆಟ್ಟಿಗೆ ‘ಕುರ್ರ್’ ಅನ್ನುತ್ತಿರುತ್ತದೆ, ನಮಗೆ ಕೇಳುವುದಿಲ್ಲ ಅಷ್ಟೇ.

ಅದು ದಾಟಿ ಐ-5ರಲ್ಲಿ ಬೆಟ್ಟ ಹತ್ತಿ ಟೆಹೋನ್ ಪಾಸ್ ತಲುಪುವಾಗ ಎರಡೂವರೆ. 4,144 ಅಡಿ ಎತ್ತರ. ಅಲ್ಲಿಂದ ಮುಂದೆ ಗ್ರೇಪ್‌ವೈನ್ ಇಳಿಜಾರು, 6 ಪರ್ಸೆಂಟ್, ಸುಮಾರು ಐದು ಮೈಲಿ ಒಂದೇ ಸಮ. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿ ಸುರಿದ ದಾರಿಗಳೂ ಇವೆ.

ಪೆಟ್ಟಿಗೆಯ ಜೊತೆ ಒಂದು ಚಿಕ್ಕ ರಿಮೋಟ್ ಬರುತ್ತದೆ, ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಳ್ಳಲು. ಹಿಂದೆ ಬ್ರೇಕ್ ಬಿದ್ದಾಗ ಅದರಲ್ಲಿ ಕೆಂಪು ದೀಪ.

‘ಕೆಂಪು ಲೈಟೇ ಬರ್ತಿಲ್ಲ ಕಣೇ’ ಅಂದರು ನಮ್ಮನೆಯವರು.

‘ಬಿಸಿಲಿಗೆ ಕಾಣ್ತಿಲ್ಲವೇನೋ.’

‘ಬಿಸಿಲಲ್ಲ. ಬೇರೇನೋ ಹತ್ತಿದೆ, ನೋಡು.’

ಕೈ ಅಡ್ಡ ಹಿಡಿದು ಬಗ್ಗಿ ನೋಡಿದೆ. ಮೂಲೆಯಲ್ಲಿ ಸಾಸಿವೆಯಷ್ಟು ಕಿತ್ತಳೆ ದೀಪ. ಹಿಂದಿನ ಗಾಡಿಯ ವೋಲ್ಟೇಜ್ ಕಡಿಮೆ ಅಂತ ಅದರ ಅರ್ಥ. ಎಷ್ಟು ಹೊತ್ತಿನಿಂದ ಹತ್ತಿತ್ತೋ! ಪೀಪ್ ಅನ್ನುವ ಸದ್ದೂ ಇಲ್ಲ. 1,250 ಡಾಲರ್ ಪೆಟ್ಟಿಗೆಗೆ ಎರಡು ಡಾಲರಿನ ಬಜರ್ ಹಾಕೋಕಾಗಲ್ವಾ? ನಾನು ಒಂದು ಅಂಕ ಕಳೆದದ್ದು ಇಲ್ಲಿ.

‘ರೀ, ಇಳೀಬೇಡಿ. ಪಕ್ಕಕ್ಕೆ ತಗೊಳ್ಳಿ’ ಅಂದೆ.

ಲೆಬೆಕ್ ಹತ್ತಿರ ಟ್ರಕ್ ಸ್ಟಾಪಿಗೆ ನುಗ್ಗಿಸಿದರು. ಟ್ರಕ್ಕಿನ ಬಾಗಿಲು ರಿಮೋಟ್ ಕೀಗೆ ತೆಗೆಯಲಿಲ್ಲ, ಕೀ ತಿರುಗಿಸಿ ತೆಗೆದೆ. ಬಾನೆಟ್ ಎತ್ತಿ ಮೀಟರ್ ಇಟ್ಟೆ. 11.6 ವೋಲ್ಟ್. ತುಂಬಿದ ಬ್ಯಾಟರಿ ಸುಮ್ಮನೆ ಕೂತಾಗ 12.6ಕ್ಕಿಂತ ಮೇಲೆ ಇರಬೇಕು, 12ಕ್ಕೆ ಬಂತು ಅಂದರೆ ಹೆಚ್ಚುಕಡಿಮೆ ಬರಿದು. ಪಿನ್ನು ಕಿತ್ತೆ. ‘ಕುರ್ರ್’ ಅನ್ನಬೇಕಾದ ಪೆಟ್ಟಿಗೆ ‘ಟಕ್’ ಅಂತು. ಮತ್ತೆ ‘ಟಕ್’. ಪೆಡಲ್ ಅಲ್ಲಾಡಲಿಲ್ಲ.

ಗಾಳಿ ಜೋರಾಗಿತ್ತು, ಚಳಿ ಇತ್ತು. ಆದರೂ ನನ್ನ ಬೆನ್ನು ಬೆವತಿತ್ತು. ಬ್ರೇಕ್ ಇಲ್ಲ ಅನ್ನುವುದು ಒಂದು. ಬ್ರೇಕ್‌ಅವೇಯೂ ಇಲ್ಲ ಅನ್ನುವುದು ಇನ್ನೊಂದು. ಟೋ ಬಾರ್ ಮುರಿದಾಗ ಕಾಪಾಡಬೇಕಾದದ್ದೂ ಅದೇ ಬ್ಯಾಟರಿಯಿಂದಲೇ ಉಣ್ಣುವುದು. ಲಾಸ್ ಏಂಜಲೀಸ್‌ನಿಂದ ಇಲ್ಲಿಯವರೆಗೆ ಎಷ್ಟು ಮೈಲಿ ಹೀಗೇ ಬಂದಿದ್ದೆವೋ.

ಜಂಪ್ ಸ್ಟಾರ್ಟರ್ ಇತ್ತು, ಟ್ರಕ್ ಸ್ಟಾರ್ಟ್ ಆಯಿತು. ಅರ್ಧ ಗಂಟೆ ಎಂಜಿನ್ ಓಡಿಸಿ ಮತ್ತೆ ಕಟ್ಟೋಣ ಅಂದರು. ನಾನು ಒಪ್ಪಲಿಲ್ಲ. ಟ್ರಕ್ಕನ್ನು ಬಿಚ್ಚಿದೆವು. ಅವರು ಬಸ್ಸಿನಲ್ಲಿ ಮುಂದೆ, ಕೆಳಗಿನ ಗೇರಿನಲ್ಲಿ. ನಾನು ಕಪ್ಪೆಯಲ್ಲಿ ಹಿಂದೆ. ಗ್ರೇಪ್‌ವೈನ್ ಇಳಿದು ಬಯಲು ಸಿಗುವವರೆಗೆ ಅವರ ಬ್ರೇಕ್ ಲೈಟನ್ನೇ ನೋಡುತ್ತ ಬಂದೆ.

ಮನೆಗೆ ಬಂದ ಮೇಲೆ ಲೆಕ್ಕಕ್ಕೆ ಕೂತೆ. ಪೆಟ್ಟಿಗೆಯ ಕಂಪ್ರೆಸರ್ ಎಷ್ಟು ತಿನ್ನುತ್ತದೆ? ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ 9 ಆಂಪಿಯರ್. ಒಂದು ಸಲಕ್ಕೆ 20 ಸೆಕೆಂಡು ಓಡಿದರೆ 0.05 ಆಂಪಿಯರ್-ಅವರ್. ದಿನಕ್ಕೆ 150 ಸಲ ಅಂದುಕೊಂಡರೂ 7.5. ಬ್ಯಾಟರಿಯ ಮೇಲೆ ಬರೆದಿರುವುದು 70. ಇಷ್ಟಕ್ಕೇ ಸಾಯಬಾರದು.

ಹಾಗಾದರೆ ಕಳ್ಳ ಬೇರೆ ಇದ್ದಾನೆ. ಎರಡು ದಿನ ಗ್ಯಾರೇಜಿನಲ್ಲಿ ಕೂತು ಹುಡುಕಿದೆ. ಟ್ರಕ್ಕು ನಿದ್ದೆಯಲ್ಲಿದ್ದಾಗ ಮೀಟರಿನಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ, 0.04 ಆಂಪಿಯರ್. ಬ್ರೇಕ್ ಪೆಡಲನ್ನು ಕೈಯಲ್ಲಿ ಒಂದು ಸಲ ಒತ್ತಿ ಬಿಟ್ಟೆ. 5.2ಕ್ಕೆ ಹಾರಿತು. ಪೆಡಲ್ ಬಿಟ್ಟರೂ ಇಳಿಯಲಿಲ್ಲ! ಪೆಡಲ್ ತುಳಿದದ್ದೇ ತಡ, ಯಜಮಾನ ಬಂದ ಅಂತ ಟ್ರಕ್ಕಿನ ಕಂಪ್ಯೂಟರುಗಳೆಲ್ಲ ಎದ್ದು ಕೂರುತ್ತವೆ. ಮತ್ತೆ ಮಲಗಲು ಕೆಲವು ನಿಮಿಷ ಬೇಕು. ಟ್ರಾಫಿಕ್ಕಿನಲ್ಲಿ ಅಷ್ಟರೊಳಗೆ ಮತ್ತೆ ಬ್ರೇಕ್. ಏಳೂವರೆ ಗಂಟೆ ಅವು ಕಣ್ಣು ಮುಚ್ಚಲೇ ಇಲ್ಲ. 5.2ನ್ನು 7.5ರಿಂದ ಗುಣಿಸಿದರೆ 39. ಕಂಪ್ರೆಸರಿನದ್ದು ಸೇರಿ 46ರ ಮೇಲೆ. 11.6 ಯಾಕೆ ಬಂತು ಅಂತ ಈಗ ಗೊತ್ತಾಯಿತು.

ಇದಕ್ಕೆ ಪೆಟ್ಟಿಗೆಯನ್ನೂ ಬೈಯುವ ಹಾಗಿಲ್ಲ, ಟ್ರಕ್ಕನ್ನೂ ಬೈಯುವ ಹಾಗಿಲ್ಲ. ಟ್ರಕ್ಕಿಗೆ ತಾನು ಎಳೆಸಿಕೊಂಡು ಹೋಗುತ್ತಿದ್ದೇನೆ ಅಂತ ಗೊತ್ತಿಲ್ಲ. ಈ ಟ್ರಕ್ಕಿನಲ್ಲಿ ಎರಡು ಬ್ಯಾಟರಿ ಇವೆ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗಿ ಆನ್ ಆಗುತ್ತದಲ್ಲ, ಅದಕ್ಕೆಂದು ಒಂದು ಚಿಕ್ಕದು ಫ್ಯೂಸ್ ಡಬ್ಬಿಯ ಕೆಳಗೆ ಅಡಗಿದೆ. ಅದು ಸೊರಗಿದರೆ ದೊಡ್ಡದನ್ನೂ ಎಳೆಯುತ್ತದೆ, ಹೊಟ್ಟೆ ತುಂಬದ ತಮ್ಮ ಅಣ್ಣನ ತಟ್ಟೆಗೆ ಕೈ ಹಾಕಿದ ಹಾಗೆ. ಅದನ್ನೂ ತೆಗೆಸಿ ಟೆಸ್ಟ್ ಮಾಡಿದೆ. ನಮ್ಮದು ಚೆನ್ನಾಗಿತ್ತು.

ಪರಿಹಾರ ಏನು? ಕಂಡವರೆಲ್ಲ ಒಂದೊಂದು ಹೇಳಿದರು. ಒಬ್ಬರು ಡ್ಯಾಶ್ ಮೇಲೆ ಸೋಲಾರ್ ಪ್ಯಾನೆಲ್ ಇಡಿ ಅಂದರು. 20 ವಾಟಿನ ಪ್ಯಾನೆಲ್ ಗಾಜಿನ ಹಿಂದೆ ಕೂತು ಒಂದು ಆಂಪಿಯರ್ ಕೊಟ್ಟರೆ ಪುಣ್ಯ. ಇನ್ನೊಬ್ಬರು ಪೆಟ್ಟಿಗೆಗೆಂದೇ ಬೇರೆ ಲಿಥಿಯಂ ಬ್ಯಾಟರಿ ಇಡಿ ಅಂದರು. ಪೆಟ್ಟಿಗೆ ಉಳಿಯುತ್ತದೆ ನಿಜ, ಆದರೆ ಆ 5.2 ಟ್ರಕ್ಕಿನ ಬ್ಯಾಟರಿಯನ್ನು ತಿನ್ನುವುದು ನಿಲ್ಲುವುದಿಲ್ಲ. ಕ್ಯಾಂಪಿಗೆ ಹೋಗಿ ಮತ್ತೆ ಜಂಪ್ ಸ್ಟಾರ್ಟರ್ ಹುಡುಕಬೇಕು.

ಮೂರನೆಯ ಸಲಹೆ ಅಪಾಯದ್ದು, ಅದನ್ನು ಬಿಡಿಸಿ ಹೇಳಲೇಬೇಕು. ಪೆಟ್ಟಿಗೆಗೆ ಬಸ್ಸಿನಿಂದಲೇ ನೇರವಾಗಿ ಕರೆಂಟು ಎಳೆಯಿರಿ, ಟ್ರಕ್ಕಿನ ಬ್ಯಾಟರಿ ಗೊಡವೆಯೇ ಬೇಡ ಅನ್ನುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಟ್ರಕ್ಕು ಕಳಚಿಕೊಂಡ ಕ್ಷಣ ಯೋಚಿಸಿ. ಮೊದಲು ಕಿತ್ತು ಬರುವುದೇ ಬಸ್ಸಿನ ಕೇಬಲ್ಲು. ಪಿನ್ನು ಕಿತ್ತ ಪೆಟ್ಟಿಗೆಗೆ ಅದೇ ಕ್ಷಣ ಕರೆಂಟೂ ಹೋಯಿತು. ಪೆಟ್ಟಿಗೆ ಉಣ್ಣಬೇಕಾದದ್ದು ಟ್ರಕ್ಕಿನ ಬ್ಯಾಟರಿಯಿಂದಲೇ. ಬಸ್ಸು ಮಾಡಬೇಕಾದದ್ದು ಆ ಬ್ಯಾಟರಿಯನ್ನು ತುಂಬುವ ಕೆಲಸ.

ಬಸ್ಸಿನಿಂದ ಟ್ರಕ್ಕಿಗೆ ಲೈಟುಗಳಿಗೆಂದು ಒಂದು ಸುರುಳಿ ಕೇಬಲ್ ಹೋಗುತ್ತದೆ, ಹಳೇ ಟೆಲಿಫೋನ್ ವೈರಿನ ಹಾಗೆ. ಬಸ್ಸಿನ ಕಡೆ 7 ಪಿನ್ನು, ಟ್ರಕ್ಕಿನ ಕಡೆ 6. ಅದರಲ್ಲಿ ಒಂದು ಪಿನ್ನು ಚಾರ್ಜಿಂಗಿಗೆಂದೇ ಇರುವುದು. ಮೀಟರ್ ಇಟ್ಟರೆ ಸೊನ್ನೆ. ಬಸ್ಸಿನ ಫ್ಯೂಸ್ ಡಬ್ಬಿ ತೆಗೆದು ನೋಡಿದರೆ ಆ ಜಾಗದಲ್ಲಿ ಫ್ಯೂಸೇ ಇಲ್ಲ. ಫ್ಯೂಸ್ ಹಾಕಿದ ಮೇಲೆ ಪಿನ್ನಿನಲ್ಲಿ 13.8 ಬಂತು. ಟ್ರಕ್ಕಿನ ಕಡೆ ನೋಡಿದರೆ ಅಂಗಡಿಯವರು ಆ ಪಿನ್ನಿಗೆ ವೈರನ್ನೇ ಕಟ್ಟಿರಲಿಲ್ಲ. ಲೈಟಿನದ್ದು ನಾಲ್ಕು ಕಟ್ಟಿ ಉಳಿದದ್ದನ್ನು ಟೇಪ್ ಸುತ್ತಿ ಬಿಟ್ಟಿದ್ದರು.

ಮೊದಲು ನೇರವಾಗಿ ವೈರು ಎಳೆದು ನೋಡಿದೆ. ಬಸ್ಸಿನಲ್ಲಿ 13.8 ಇದ್ದದ್ದು 8 ಆಂಪಿಯರ್ ಹರಿದಾಗ ಟ್ರಕ್ಕಿನ ಬ್ಯಾಟರಿ ಹತ್ತಿರ 12.6. ಇಷ್ಟುದ್ದದ ತೆಳು ವೈರಿನಲ್ಲಿ 1.2 ವೋಲ್ಟು ದಾರಿಯಲ್ಲೇ ಖರ್ಚು. 12.6 ಕೊಟ್ಟರೆ ಬ್ಯಾಟರಿ ಇನ್ನಷ್ಟು ಇಳಿಯದಂತೆ ತಡೆಯಬಹುದು, ತುಂಬುವುದಿಲ್ಲ. ತುಂಬಬೇಕಾದರೆ 14ರ ಮೇಲೆ ಬೇಕು.

ಅದಕ್ಕೇ ಡಿಸಿ-ಡಿಸಿ ಚಾರ್ಜರ್ ಡಬ್ಬಿ. ದಾರಿಯಲ್ಲಿ ಸೋರಿ ಬಂದ 12 ಚಿಲ್ಲರೆಯನ್ನು ತೆಗೆದುಕೊಂಡು 14.2 ಮಾಡಿ ಬ್ಯಾಟರಿಗೆ ಕೊಡುತ್ತದೆ. ನಾನು ಹಾಕಿದ್ದು ವಿಕ್ಟ್ರಾನ್‌ನವರ ಆರಿಯನ್, 9 ಆಂಪಿಯರಿನದ್ದು. ಇನ್ನೂ ದೊಡ್ಡದು ಹಾಕಬಹುದಿತ್ತಲ್ಲ ಅಂದರು ನಮ್ಮನೆಯವರು. ಡಬ್ಬಿ ದೊಡ್ಡದಾದರೆ ಸುರುಳಿ ಕೇಬಲ್ಲು ಬಿಸಿಯಾಗುತ್ತದೆ. ನಮ್ಮ ಖರ್ಚು ಗಂಟೆಗೆ ಸರಾಸರಿ 6ರ ಆಸುಪಾಸು, 9 ಸಾಕು. ಇದು ಬ್ಯಾಟರಿಯ ಹತ್ತಿರ ಕೂತಿದೆ. ಬಸ್ಸಿನ ಇಗ್ನಿಶನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ, ಇಲ್ಲವಾದರೆ ರಾತ್ರಿಯಿಡೀ ಬಸ್ಸಿನ ಬ್ಯಾಟರಿಯನ್ನು ಕಪ್ಪೆಗೆ ಕುಡಿಸುತ್ತಿತ್ತು.

ಮಾಡುವವರಿಗೆ ಎರಡು ಮಾತು. ಈ ವೈರಿಗೆ ಎರಡು ತುದಿಯಲ್ಲೂ ಬ್ಯಾಟರಿ ಇದೆ. ನಡುವೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಒಂದು ಕಡೆಯಿಂದಲಾದರೂ ಕರೆಂಟು ನುಗ್ಗುತ್ತದೆ. ಹಾಗಾಗಿ ಎರಡು ಕಡೆಯೂ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಇನ್ನೊಂದು, ಈ ಟ್ರಕ್ಕಿನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸೆನ್ಸರ್ ಇದೆ, ಬ್ಯಾಟರಿಗೆ ಬಂದದ್ದು ಹೋದದ್ದು ಎಣಿಸಲು. ಚಾರ್ಜರಿನ ನೆಗೆಟಿವ್ ವೈರನ್ನು ನೇರವಾಗಿ ಬ್ಯಾಟರಿ ಕಂಬಕ್ಕೆ ಕಟ್ಟಿದರೆ ಅದಕ್ಕೆ ಲೆಕ್ಕ ತಪ್ಪುತ್ತದೆ. ಚಾಸಿಗೆ ಕಟ್ಟಿ.

ಪ್ಲಗ್ಗಿನ ಕಥೆ ಇನ್ನೂ ಇದೆ. ಪೆಟ್ಟಿಗೆಯ ಜೊತೆ ಬಂದದ್ದು ಸಿಗರೇಟ್ ಲೈಟರ್ ಪ್ಲಗ್ಗು. ಫೋನ್ ಚಾರ್ಜ್ ಮಾಡೋಕೆ ಪರವಾಗಿಲ್ಲ. ಬ್ರೇಕ್ ನಂಬುವ ಜಾಗದಲ್ಲಿ ಸ್ಪ್ರಿಂಗಿನ ಮೇಲೆ ನಿಂತ ಪ್ಲಗ್ಗು ಯಾಕೆ? ರಸ್ತೆ ಕುಲುಕಿದಾಗ ಮೆಲ್ಲಗೆ ಮೇಲೆ ಬರುತ್ತದೆ. ಒಂದು ಸಲ ಬೇಕರ್ಸ್‌ಫೀಲ್ಡ್ ಹತ್ತಿರ ನಿಲ್ಲಿಸಿ ನೋಡಿದಾಗ ಅರ್ಧ ಆಚೆ ಬಂದಿತ್ತು. ಅದನ್ನು ಕತ್ತರಿಸಿ ಬಿಗಿಯಾಗಿ ಕಚ್ಚಿಕೊಳ್ಳುವ ಆಂಡರ್ಸನ್ ಕನೆಕ್ಟರ್ ಹಾಕಿದೆ. ಸಾಕೆಟ್ಟಿಗೆ ಅಂಗಡಿಯವರು ಎಳೆದಿದ್ದ ತೆಳು ವೈರನ್ನೂ ಕಿತ್ತು ದಪ್ಪನೆಯ 10 ಗೇಜ್ ವೈರು ಹಾಕಿದೆ. ಪ್ಲಗ್ ಕತ್ತರಿಸಿದರೆ ವಾರಂಟಿ ಹೋಗುತ್ತದೆ ಅಂತ ಪುಸ್ತಕದಲ್ಲಿದೆ. ಹೋಗಲಿ. ಚಾರ್ಜರ್, ವೈರು, ಫ್ಯೂಸು, ಕನೆಕ್ಟರ್ ಎಲ್ಲ ಸೇರಿ 200 ಡಾಲರಿನ ಒಳಗೇ ಆಯಿತು.

ಏಪ್ರಿಲ್‌ನಲ್ಲಿ ರೀನೋಗೆ ಹೊರಟೆವು, ಐ-80ರಲ್ಲಿ ಡಾನರ್ ಸಮ್ಮಿಟ್ ಹತ್ತಿ. 7,239 ಅಡಿ, ರಸ್ತೆ ಪಕ್ಕ ಇನ್ನೂ ಹಿಮದ ಗುಡ್ಡೆಗಳು. ಈ ಸಲ ಟ್ರಕ್ಕಿನ ಬ್ಯಾಟರಿಯ ವೋಲ್ಟೇಜ್ ನನ್ನ ಫೋನಿನಲ್ಲೇ ಕಾಣುವ ಹಾಗೆ ಒಂದು ಪುಟ್ಟ ಬ್ಲೂಟೂತ್ ಮೀಟರ್ ಹಾಕಿದ್ದೆ. ಅದು ಮೂವತ್ತಡಿ ಹಿಂದಿನಿಂದ ಆಗೊಮ್ಮೆ ಈಗೊಮ್ಮೆ ಸಿಗ್ನಲ್ ಬಿಡುತ್ತದೆ, ಆದರೂ ಸಾಕು. ಸಾಕ್ರಮೆಂಟೊ ಟ್ರಾಫಿಕ್ಕಿನಲ್ಲಿ 13.7. ಬೆಟ್ಟ ಹತ್ತುವಾಗ 14.1. ವಾಪಸ್ ಬರುವಾಗ ಸಾಕ್ರಮೆಂಟೊ ಕಡೆಗಿನ ಉದ್ದ ಇಳಿಜಾರಿನಲ್ಲಿ ಕೆಂಪು ದೀಪ ಬರುತ್ತಿತ್ತು, ಹೋಗುತ್ತಿತ್ತು. ಕೆಳಗೆ ಬಂದು ನಿಲ್ಲಿಸಿ ಟ್ರಕ್ಕಿನ ನಾಲ್ಕು ಚಕ್ರದ ಡಿಸ್ಕಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಬೆಚ್ಚಗಿದ್ದವು, ಸುಡುತ್ತಿರಲಿಲ್ಲ, ನಾಲ್ಕೂ ಹೆಚ್ಚುಕಡಿಮೆ ಒಂದೇ. ಅಂದರೆ ಬ್ರೇಕ್ ಬೀಳುತ್ತಿದೆ, ಬಿಡುತ್ತಲೂ ಇದೆ. ಇದನ್ನು ನೋಡುವುದು ಮುಖ್ಯ. ಮೊದಮೊದಲು ಸೆನ್ಸರನ್ನು ಜಾಸ್ತಿ ಚುರುಕಾಗಿ ಇಟ್ಟಿದ್ದೆವು. ರಸ್ತೆಯ ಜೋಡಣೆಗಳ ಮೇಲೆ ಕುಲುಕಿದಾಗಲೂ ಬ್ರೇಕ್ ಒತ್ತುತ್ತಿತ್ತು, ಇಳಿದರೆ ವಾಸನೆ. ಎರಡು ಹಂತ ಇಳಿಸಿದ ಮೇಲೆ ಶಾಂತವಾಯಿತು.

ನಮ್ಮನೆಯವರಿಗೆ ಓಡಿಸುವುದರಲ್ಲಿ ವ್ಯತ್ಯಾಸ ಗೊತ್ತಾಗುತ್ತದಂತೆ. ಮುಂಚೆ ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಕೊನೆಗೆ ಹಿಂದಿನಿಂದ ಯಾರೋ ಭುಜ ತಟ್ಟಿದ ಹಾಗೆ ಆಗುತ್ತಿತ್ತು. ಈಗ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗಾಡಿ ಎಳೆಯುವವರಿಗೆ ಹೈವೇಯಲ್ಲಿ 55 ಮೈಲಿಯೇ ಮಿತಿ, ಅವರು ಅದನ್ನು ದಾಟುವವರಲ್ಲ.

ಪೆಟ್ಟಿಗೆ ತಯಾರಿಸಿದವರಿಗೆ ಇಷ್ಟನ್ನೂ ಮೀಟರ್ ರೀಡಿಂಗ್ ಸಮೇತ ಬರೆದು ಕಳಿಸಿದೆ. ಪುಸ್ತಕದ ಆ ಒಂದು ಸಾಲಿನ ಕೆಳಗೆ ‘ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಎಳೆಯುವವರು ಚಾರ್ಜ್ ವೈರು ಹಾಕಿಸಿ’ ಅಂತ ಸೇರಿಸಿ, ರಿಮೋಟಿಗೆ ಒಂದು ಬಜರ್ ಹಾಕಿ ಅಂತ ಕೇಳಿಕೊಂಡೆ. ಒಂಬತ್ತು ದಿನಕ್ಕೆ ಉತ್ತರ ಬಂತು. ಪ್ಲಗ್ಗು 12 ವೋಲ್ಟ್ ಸಾಕೆಟ್ಟಿನಲ್ಲಿ ಸರಿಯಾಗಿ ಕೂತಿದೆಯೇ, ದಯವಿಟ್ಟು ಪರೀಕ್ಷಿಸಿ ಅಂತ.